1000 ಪದ ಕಲಿತರೆ ಸ್ಪ್ಯಾನಿಷ್ ಪರೀಕ್ಷೆ ಪಾಸಾಗುತ್ತದೆಯೇ?

“ಸ್ಪ್ಯಾನಿಷ್‌ನ 1000 ಪದ ಕಲಿತರೆ ಭಾಷೆಯ ಶೇ. 80ರಷ್ಟು ಬಂದಂತೆ. 30 ದಿನದಲ್ಲಿ ಬಿ2 ಸರ್ಟಿಫಿಕೇಟ್, ಸ್ಪೇನ್ ಯೂನಿವರ್ಸಿಟಿಯಲ್ಲಿ ಸೀಟು!” ಈ ಬಗೆಯ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತವೆ. ಕೊನೆಯಲ್ಲಿ ಕೋರ್ಸ್‌ನ ಲಿಂಕ್ ಇರುತ್ತದೆ. ಇದರಲ್ಲಿ ಪೂರ್ತಿ ಸುಳ್ಳಿಗಿಂತ ಅರ್ಧಸತ್ಯವೇ ಹೆಚ್ಚು. ಹಾಗಾಗಿ ನಂಬುವುದೂ ಸುಲಭ.

ಶೇ. 80 ಅಂದರೆ ಎಷ್ಟು?

ಯಾವ ಭಾಷೆಯಲ್ಲೂ ಕೆಲವೇ ಪದಗಳು ಮತ್ತೆ ಮತ್ತೆ ಬರುತ್ತವೆ. ಸ್ಪ್ಯಾನಿಷ್‌ನ ದೆ, ಕೆ, ಎಲ್, ಲಾ ಮುಂತಾದವು ಸಾಲುಸಾಲಿಗೂ ಸಿಗುತ್ತವೆ. ಹಾಗಾಗಿ ಎಣಿಕೆಯಲ್ಲಿ ಶೇ. 80 ಎನ್ನುವುದು ತೀರಾ ದೂರದ ಮಾತಲ್ಲ. ಆದರೆ ಈ ವಾಕ್ಯ ಓದಿ:

“ಈ ಮಾತ್ರೆಯನ್ನು ದಿನಕ್ಕೆ ಎರಡು ಸಲ ______ ಕೊಡಿ, ಮೈಮೇಲೆ ______ ಕಂಡರೆ ತಕ್ಷಣ ನಿಲ್ಲಿಸಿ.”

ಹನ್ನೆರಡು ಪದಗಳಲ್ಲಿ ಹತ್ತು ನಿಮಗೆ ಗೊತ್ತು, ಅಂದರೆ ಶೇ. 83. ಮಾತ್ರೆ ಕೊಡುವ ಧೈರ್ಯ ಬಂತೇ? ವಿಷಯ ಇರುವುದು ಆ ಎರಡು ಖಾಲಿ ಜಾಗದಲ್ಲೇ. ಬೇರೆಯವರ ನೆರವಿಲ್ಲದೆ ಓದಿ ಅರ್ಥ ಮಾಡಿಕೊಳ್ಳಲು ಸುಮಾರು ಶೇ. 98ರಷ್ಟು ಪದಗಳು ಗೊತ್ತಿರಬೇಕು ಎಂದು ಪಾಲ್ ನೇಷನ್ ಅವರಂಥ ಭಾಷಾ ಸಂಶೋಧಕರು ಹೇಳುತ್ತಾರೆ.

ಪರೀಕ್ಷೆಯಲ್ಲಿ ಏನಿರುತ್ತದೆ?

ಸ್ಪ್ಯಾನಿಷ್‌ನಲ್ಲಿ ಪಾಠ ನಡೆಯುವ ಕೋರ್ಸ್‌ಗಳಿಗೆ ಸ್ಪೇನ್‌ನ ಅನೇಕ ವಿಶ್ವವಿದ್ಯಾಲಯಗಳು ಬಿ2 ಮಟ್ಟ ಕೇಳುತ್ತವೆ. ಇದಕ್ಕೆ ಹೆಚ್ಚು ಪ್ರಸಿದ್ಧವಾದದ್ದು ಡೆಲೆ ಪರೀಕ್ಷೆ. ಸ್ಪೇನ್ ಶಿಕ್ಷಣ ಸಚಿವಾಲಯದ ಪರವಾಗಿ ಇನ್‌ಸ್ಟಿಟ್ಯೂಟೊ ಸರ್ವಾಂಟೆಸ್ ಈ ಡಿಪ್ಲೊಮಾ ಕೊಡುತ್ತದೆ. ದೆಹಲಿಯಲ್ಲಿ ಅದರ ಕೇಂದ್ರವಿದೆ.

ಬಿ2ನಲ್ಲಿ ಓದುವುದಕ್ಕೆ 70 ನಿಮಿಷ, ಕೇಳುವುದಕ್ಕೆ 40, ಬರೆಯುವುದಕ್ಕೆ 80, ಮಾತಿಗೆ 20 ನಿಮಿಷ ಇರುತ್ತದೆ. ಮಾತಿನ ತಯಾರಿಗೆ ಇನ್ನೊಂದು 20 ನಿಮಿಷ ಸಿಗುತ್ತದೆ. ಬರೆಯುವ ಮೊದಲ ಪ್ರಶ್ನೆಯಲ್ಲೇ ಒಂದು ಆಡಿಯೊ ಕೇಳಿ, ಅದರ ವಿಷಯ ಸೇರಿಸಿ ಪತ್ರ ಬರೆಯಬೇಕು. ಪದಪಟ್ಟಿ ಬಾಯಿಪಾಠ ಮಾಡಿದವರು ಸಿಕ್ಕಿಬೀಳುವುದು ಇಂಥ ಕಡೆ.

ಅಂಕದ ಲೆಕ್ಕವೂ ಗಮನಿಸಿ. ಓದು-ಬರಹ ಸೇರಿ 50, ಕೇಳು-ಮಾತು ಸೇರಿ 50. ಎರಡರಲ್ಲೂ ಪ್ರತ್ಯೇಕವಾಗಿ ಕನಿಷ್ಠ 30 ಬೇಕು. ಓದು-ಬರಹದಲ್ಲಿ 48 ಬಂದು ಕೇಳು-ಮಾತಿನಲ್ಲಿ 28 ಬಂದರೆ ಒಟ್ಟು 76, ಆದರೂ ಫೇಲ್. ಮತ್ತೆ ಶುಲ್ಕ ಕಟ್ಟಿ ನಾಲ್ಕೂ ಭಾಗ ಬರೆಯಬೇಕು. ನಮ್ಮಲ್ಲಿ ಇಂಗ್ಲಿಷನ್ನು ಓದಿ-ಬರೆದು ಕಲಿತ ಅಭ್ಯಾಸ ಇಲ್ಲಿ ಕೈಕೊಡುತ್ತದೆ.

ಹಾಗಾದರೆ ಎಷ್ಟು ದಿನ ಬೇಕು?

ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್, ಇಂಗ್ಲಿಷ್ ಮಾತನಾಡುವವರು ಸ್ಪ್ಯಾನಿಷ್‌ನಲ್ಲಿ ಕೆಲಸ ಮಾಡುವಷ್ಟಾಗಲು 600ರಿಂದ 750 ತರಗತಿ ಗಂಟೆ ಬೇಕು ಎನ್ನುತ್ತದೆ. ಅದರ ಗುರಿ ಬೇರೆ, ವಿದ್ಯಾರ್ಥಿಗಳೂ ಬೇರೆ. ಆದರೂ ಅಂದಾಜಿಗೆ ಸಾಕು: 30 ದಿನದಲ್ಲಿ 600 ಗಂಟೆ ಅಂದರೆ ದಿನಕ್ಕೆ 20 ಗಂಟೆ!

ಕನ್ನಡಿಗರಿಗೆ ಸ್ವಲ್ಪ ಅನುಕೂಲವೂ ಇದೆ. ಸ್ಪ್ಯಾನಿಷ್‌ನ ತ, ದ ನಮ್ಮವೇ ಅನ್ನುವಷ್ಟು ಹತ್ತಿರ. ‘ಮೆ ಗುಸ್ತ ಎಲ್ ಕಫೆ’ಯ ಜಾಡು ‘ನನಗೆ ಕಾಫಿ ಇಷ್ಟ’ದ್ದೇ, ಅಲ್ಲಿ ‘ನಾನು’ ಕರ್ತೃವಲ್ಲ. ಇಂಗ್ಲಿಷ್ ಮೂಲಕ ಯೋಚಿಸಿದರೆ ಇದೇ ಕಷ್ಟ ಅನಿಸುತ್ತದೆ.

‘ಸ್ಪೇನ್ ಉಚ್ಚಾರಣೆಯೇ ಇರಬೇಕು’ ಎನ್ನುವ ಫಾರ್ವರ್ಡ್ ಕೂಡ ತಪ್ಪು. ಲ್ಯಾಟಿನ್ ಅಮೆರಿಕದ ಸ್ಪ್ಯಾನಿಷ್‌ಗೂ ಅಷ್ಟೇ ಮಾನ್ಯತೆ ಇದೆ. ಕೇಳುವ ಭಾಗದಲ್ಲಿ ಹಲವು ದೇಶಗಳ ದನಿ ಬರುತ್ತದೆ, ಅದಕ್ಕೆ ಕಿವಿ ಪಳಗಿರಬೇಕು.

ದುಡ್ಡು ಕಟ್ಟುವ ಮೊದಲು

ಕೋರ್ಸ್ ಮುಗಿಸಿದ್ದಕ್ಕೆ ಆ್ಯಪ್ ಕೊಡುವ ಸರ್ಟಿಫಿಕೇಟ್ ಡೆಲೆ ಅಲ್ಲ. ಡೆಲೆಗೆ ಅವಧಿ ಮುಗಿಯುವುದಿಲ್ಲ. ಕಂಪ್ಯೂಟರ್‌ನಲ್ಲಿ ಬರೆಯುವ ಸಿಯೆಲೆ ಪರೀಕ್ಷೆಗೆ ಐದು ವರ್ಷ ಮಾನ್ಯತೆ. ಯಾವುದನ್ನು, ಯಾವ ಮಟ್ಟದಲ್ಲಿ ಒಪ್ಪುತ್ತಾರೆ ಎಂಬುದನ್ನು ವಿಶ್ವವಿದ್ಯಾಲಯದ ಪ್ರವೇಶ ಪುಟದಲ್ಲೇ ನೋಡಿ, ಏಜೆಂಟರ ಮಾತಿನಲ್ಲಿ ಅಲ್ಲ. ಸರ್ವಾಂಟೆಸ್ ವೆಬ್‌ಸೈಟ್‌ನಲ್ಲಿ ಆಡಿಯೊ ಸಮೇತ ಮಾದರಿ ಪ್ರಶ್ನೆಪತ್ರಿಕೆ ಉಚಿತವಾಗಿ ಸಿಗುತ್ತದೆ. ಶುಲ್ಕ ಕಟ್ಟುವ ಮೊದಲು ಅದರ ಕೇಳುವ ಭಾಗವನ್ನು, ಮಧ್ಯೆ ನಿಲ್ಲಿಸದೆ, ಒಮ್ಮೆ ಮಾಡಿ ನೋಡಿ.