ಉಳಿದ ಹನ್ನೊಂದು ತಿಂಗಳ ಬಡವರು

ಕಿರುಸಾಲ ವಸೂಲಿಗಾರರ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಒಳ್ಳೆಯದೇ. ಆದರೆ ಮಗುವಿಗೆ ಜ್ವರ ಏರಿದ ರಾತ್ರಿ ಆಸ್ಪತ್ರೆಗೆ ಕಟ್ಟಬೇಕಾದ ಮುಂಗಡವನ್ನು ಯಾವ ಕಾನೂನೂ ತಂದುಕೊಡುವುದಿಲ್ಲ. ಬಡ್ಡಿ ಹರಾಮ್ ಎಂಬುದು ವಾರದ ಕಂತಿನ ಸಾಲ ಎತ್ತುವ ನಮ್ಮ ಹೆಂಗಸರಿಗೂ ಗೊತ್ತು. ಬೇರೆ ಬಾಗಿಲು ತೆರೆದಿಲ್ಲ, ಅಷ್ಟೆ.

ಝಕಾತ್‌ಗೆ ಅರ್ಹರಾದ 8 ವರ್ಗಗಳನ್ನು ಕುರ್‌ಆನ್ ಹೆಸರಿಸಿದೆ (9:60). ಸಾಲದಲ್ಲಿ ಮುಳುಗಿದವರೂ ಅದರಲ್ಲಿದ್ದಾರೆ. ನಾವು ಮಾಡುತ್ತಿರುವುದೇನು? ರಮಝಾನಿನಲ್ಲಿ ಬಡವರನ್ನು ಸಾಲಾಗಿ ನಿಲ್ಲಿಸಿ ಸೀರೆ ಹಂಚಿ ಫೋಟೋ ತೆಗೆಸಿಕೊಳ್ಳುತ್ತೇವೆ. ಉಳಿದ ಹನ್ನೊಂದು ತಿಂಗಳು ಅವರಿಗೆ ಬರೀ ಉಪದೇಶ.

ಮೊಹಲ್ಲಾಕ್ಕೊಂದು ಬೈತುಲ್‌ಮಾಲ್ ವರ್ಷವಿಡೀ ತೆರೆದಿರಲಿ. ಕಷ್ಟ ಬಂದ ದಿನವೇ ಹಣ ಸಿಗಲಿ. ತೀರಿಸಬಲ್ಲವರಿಗೆ ಬಡ್ಡಿರಹಿತ ಸಾಲ, ತೀರಿಸಲಾಗದವರಿಗೆ ಝಕಾತ್. ನೆರೆಯ ಹಿಂದೂ ಮನೆಗೆ ಸದಕಾದಿಂದ ಕೊಡಲು ಯಾವ ಅಡ್ಡಿಯೂ ಇಲ್ಲ. ಲೆಕ್ಕ ಮಸೀದಿಯ ಫಲಕದ ಮೇಲಿರಲಿ. ಪಡೆದವರ ಹೆಸರು ಬೇಡ.

ಮಿನಾರಕ್ಕೆ ಬಣ್ಣ ಬಳಿಯಲು ಒಂದೇ ಶುಕ್ರವಾರದಲ್ಲಿ ಚಂದಾ ಕೂಡಿಸುವ ನಾವು, ಇದಕ್ಕೆ ಹಣವಿಲ್ಲ ಎಂದರೆ ನಂಬುವವರು ಯಾರು?