ಹೆರಿಗೆಕೋಣೆಗೊಂದು ಅಳತೆಗೋಲು

ಹೊರನಾಡ ಕನ್ನಡಿಗರ ಪತ್ರಿಕೆಗಳಲ್ಲಿ ಭಾಷೆ, ಗಡಿ, ನದಿನೀರು, ಮಕ್ಕಳ ಕನ್ನಡ ಕಲಿಕೆ ಇವುಗಳಿಗೆ ದೊರೆಯುವ ಪ್ರಾಶಸ್ತ್ಯ ಆರೋಗ್ಯಕ್ಕೆ ದೊರೆಯುವುದು ಅಪರೂಪ. ಅದು ವೈದ್ಯರ ವಿಷಯ, ಸರ್ಕಾರದ ವಿಷಯ ಎಂದು ಬಿಟ್ಟುಬಿಡುವುದು ನಮ್ಮ ರೂಢಿ. ಆದರೆ ಆರೋಗ್ಯದ ಒಂದು ದೊಡ್ಡ ಪ್ರಶ್ನೆ ಮೂಲತಃ ಭಾಷೆಯ ಪ್ರಶ್ನೆಯೇ ಆಗಿದೆ. ಒಂದು ಪದಕ್ಕೆ ಎರಡು ಊರುಗಳಲ್ಲಿ ಒಂದೇ ಅರ್ಥವಿದೆಯೇ? ಒಂದು ಸಂಖ್ಯೆ ಎರಡು ಆಸ್ಪತ್ರೆಗಳಲ್ಲಿ ಒಂದೇ ಸಂಗತಿಯನ್ನು ಅಳೆಯುತ್ತದೆಯೇ? ಈ ಪ್ರಶ್ನೆಯನ್ನು ನಮ್ಮೆಲ್ಲರ ಮನೆಗಳಿಗೂ ಸಂಬಂಧಿಸಿದ ಹೆರಿಗೆಯ ಸಂದರ್ಭದಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಮೊದಲು ಅಂಕಿಗಳನ್ನು ಗಮನಿಸಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಸಮೀಕ್ಷೆಗೆ ಹಿಂದಿನ ಐದು ವರ್ಷಗಳಲ್ಲಿ ಆಂಧ್ರಪ್ರದೇಶದಲ್ಲಿ ಆದ ಹೆರಿಗೆಗಳಲ್ಲಿ ಶೇಕಡಾ 42.4 ಸಿಸೇರಿಯನ್ ಶಸ್ತ್ರಚಿಕಿತ್ಸೆಯ ಮೂಲಕ ಆದವು. ಖಾಸಗಿ ಆಸ್ಪತ್ರೆಗಳಲ್ಲಿ ಈ ಪ್ರಮಾಣ ಶೇಕಡಾ 63.0, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇಕಡಾ 26.6. ತೆಲಂಗಾಣದ ಒಟ್ಟು ಪ್ರಮಾಣ ಶೇಕಡಾ 60.7. ನಮ್ಮ ಕರ್ನಾಟಕ ಇದನ್ನು ಕಂಡು ನಿಟ್ಟುಸಿರು ಬಿಡುವಂತಿಲ್ಲ: 2015–16ರ ಸಮೀಕ್ಷೆಯಲ್ಲಿ ಶೇಕಡಾ 23.6 ಇದ್ದದ್ದು ಶೇಕಡಾ 31.5ಕ್ಕೆ ಏರಿತು. ಇಡೀ ದೇಶದ ಸರಾಸರಿ ಶೇಕಡಾ 21.5.

ಈ ಅಂಕಿಗಳನ್ನು ಓದಿದವರು ಸಾಮಾನ್ಯವಾಗಿ ಎರಡು ಪಂಗಡಗಳಾಗುತ್ತಾರೆ. ವೈದ್ಯರು ಹಣಕ್ಕಾಗಿ ಹೊಟ್ಟೆ ಕೊಯ್ಯುತ್ತಾರೆ ಎನ್ನುವವರು ಒಂದು ಕಡೆ. ಇಂದಿನ ಹೆಣ್ಣುಮಕ್ಕಳಿಗೆ ನೋವು ತಾಳುವ ಶಕ್ತಿಯಿಲ್ಲ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಒಂದೇ ಸಂಖ್ಯೆಯನ್ನು ಹಿಡಿದು ವಾದಿಸುತ್ತಾರೆ. ಆ ಸಂಖ್ಯೆಯಿಂದ ಇಬ್ಬರ ಮಾತೂ ಸಿದ್ಧವಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಕಾರಣವನ್ನು ಒಂದು ಕಾಲ್ಪನಿಕ ಲೆಕ್ಕದಿಂದ ವಿವರಿಸಬಹುದು. ಎರಡು ಆಸ್ಪತ್ರೆಗಳಿವೆ, ಎರಡರಲ್ಲೂ ವರ್ಷಕ್ಕೆ ಸಾವಿರ ಹೆರಿಗೆಗಳು ಎಂದುಕೊಳ್ಳೋಣ. ಮೊದಲನೆಯದು ಸುತ್ತಲಿನ ಜಿಲ್ಲೆಗಳ ಕಠಿಣ ಪ್ರಕರಣಗಳನ್ನೆಲ್ಲ ಸ್ವೀಕರಿಸುವ ದೊಡ್ಡಾಸ್ಪತ್ರೆ. ಅಲ್ಲಿ 800 ಹೆರಿಗೆಗಳು ತೊಡಕಿನವು, ಅವುಗಳಲ್ಲಿ ಅರ್ಧ, ಎಂದರೆ 400, ಶಸ್ತ್ರಚಿಕಿತ್ಸೆ. ಉಳಿದ 200 ಸರಳ ಹೆರಿಗೆಗಳಲ್ಲಿ ಕೇವಲ 20. ಒಟ್ಟು 420, ಅಂದರೆ ಶೇಕಡಾ 42. ಎರಡನೆಯದು ತೊಡಕು ಕಂಡೊಡನೆ ಬೇರೆಡೆಗೆ ಕಳುಹಿಸಿಬಿಡುವ ಆಸ್ಪತ್ರೆ. ಅಲ್ಲಿ 800 ಸರಳ ಹೆರಿಗೆಗಳಲ್ಲಿ 280, 200 ತೊಡಕಿನ ಹೆರಿಗೆಗಳಲ್ಲಿ 120 ಶಸ್ತ್ರಚಿಕಿತ್ಸೆ. ಒಟ್ಟು 400, ಅಂದರೆ ಶೇಕಡಾ 40. ಪತ್ರಿಕೆಯಲ್ಲಿ ಪ್ರಕಟವಾದಾಗ ಎರಡನೆಯದೇ ಮೇಲು. ಆದರೆ ಸರಳ ಹೆರಿಗೆಗೆ ಹೋದ ಹೆಣ್ಣುಮಗಳಿಗೆ ಮೊದಲನೆಯದರಲ್ಲಿ ನೂರಕ್ಕೆ 10ರಷ್ಟಿರುವ ಸಂಭವ ಎರಡನೆಯದರಲ್ಲಿ 35! ತೊಡಕಿನ ಹೆರಿಗೆಯಲ್ಲೂ ಅಲ್ಲಿಯದೇ ಹೆಚ್ಚು. ಒಟ್ಟು ಶೇಕಡಾವಾರು ಎಂಬ ಅಳತೆ ಸತ್ಯವನ್ನು ತಲೆಕೆಳಗಾಗಿ ತೋರಿಸಿತು.

ಇದು ಬರಿಯ ಕಾಗದದ ಲೆಕ್ಕವಲ್ಲ. ವಿಶಾಖಪಟ್ಟಣದ ಕಿಂಗ್ ಜಾರ್ಜ್ ಆಸ್ಪತ್ರೆಗೆ ನಗರದವರಷ್ಟೇ ಬರುವುದಿಲ್ಲ. ಶ್ರೀಕಾಕುಳಂ, ವಿಜಯನಗರಂ ಜಿಲ್ಲೆಗಳಿಂದಲೂ ಪಾಡೇರು, ಅರಕು ಕಡೆಯ ಬೆಟ್ಟದ ಹಳ್ಳಿಗಳಿಂದಲೂ ಕೊನೆಯ ಗಳಿಗೆಯಲ್ಲಿ ಬಸುರಿಯರನ್ನು ಕರೆತರುತ್ತಾರೆ. ರಸ್ತೆಯಿಲ್ಲದ ಕೆಲವು ಹಳ್ಳಿಗಳಿಂದ ಅವರನ್ನು ಡೋಲಿಯಲ್ಲಿ ಹೊತ್ತು ತಂದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಹೀಗೆ ಬಂದವರನ್ನು ಉಳಿಸುವ ಆಸ್ಪತ್ರೆಯನ್ನೂ, ದಿನಾಂಕ ಗೊತ್ತುಮಾಡಿಕೊಂಡು ಬರುವವರ ನರ್ಸಿಂಗ್ ಹೋಮನ್ನೂ ಒಂದೇ ಶೇಕಡಾವಾರಿನಿಂದ ತೂಗುವುದು ಅನ್ಯಾಯ. ಬೆಟ್ಟದ ಮೇಲೆ ಸಕಾಲದಲ್ಲಿ ಸಿಗದ ಶಸ್ತ್ರಚಿಕಿತ್ಸೆ, ನಗರದಲ್ಲಿ ಬೇಡದಿದ್ದರೂ ಸಿಗುವ ಶಸ್ತ್ರಚಿಕಿತ್ಸೆ, ಇವೆರಡನ್ನೂ ಸರಾಸರಿ ಎಂಬ ಕಂಬಳಿ ಒಟ್ಟಿಗೇ ಮುಚ್ಚಿಬಿಡುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ನಿಲುವಿನಲ್ಲಿ ಆದ ಬದಲಾವಣೆ ಇಲ್ಲಿ ಉಲ್ಲೇಖನೀಯ. 1985ರಲ್ಲಿ ಬ್ರೆಜಿಲ್ ದೇಶದ ಫೋರ್ಟಲೇಜಾದಲ್ಲಿ ಸೇರಿದ ತಜ್ಞರು, ಯಾವುದೇ ಪ್ರದೇಶದಲ್ಲಿ ಸಿಸೇರಿಯನ್ ಪ್ರಮಾಣ ಶೇಕಡಾ 10–15ನ್ನು ಮೀರಲು ಸಮರ್ಥನೆಯಿಲ್ಲ ಎಂದಿದ್ದರು. 2015ರಲ್ಲಿ ಅದೇ ಸಂಸ್ಥೆ, ಸಮುದಾಯದ ಮಟ್ಟದಲ್ಲಿ ಶೇಕಡಾ 10ನ್ನು ಮೀರಿದ ಮೇಲೆ ತಾಯಿ-ಶಿಶು ಮರಣ ಇಳಿಯುವುದು ಕಂಡುಬರುವುದಿಲ್ಲ ಎಂದು ಹೇಳಿ, ಜೊತೆಗೆ ಎರಡು ಮುಖ್ಯ ಮಾತುಗಳನ್ನು ಸೇರಿಸಿತು. ಗೊತ್ತಾದ ಶೇಕಡಾವಾರನ್ನು ಮುಟ್ಟುವುದು ಗುರಿಯಾಗಬಾರದು, ಅಗತ್ಯವಿರುವ ಪ್ರತಿ ತಾಯಿಗೂ ಶಸ್ತ್ರಚಿಕಿತ್ಸೆ ದೊರೆಯಬೇಕು ಎಂಬುದು ಒಂದು. ಆಸ್ಪತ್ರೆಗಳನ್ನು ಹೋಲಿಸಲು ಎಲ್ಲೆಡೆ ರಾಬ್ಸನ್ ವರ್ಗೀಕರಣವನ್ನು ಬಳಸಬೇಕು ಎಂಬುದು ಇನ್ನೊಂದು.

ಈ ವರ್ಗೀಕರಣವನ್ನು ಡಬ್ಲಿನ್ ನಗರದಲ್ಲಿ ಸೇವೆ ಸಲ್ಲಿಸಿದ ಪ್ರಸೂತಿ ತಜ್ಞ ಮೈಕೇಲ್ ರಾಬ್ಸನ್ 2001ರಲ್ಲಿ ಪ್ರಕಟಿಸಿದರು. ಅದರ ಸರಳತೆ ಬೆರಗು ಹುಟ್ಟಿಸುವಂಥದು. ಹೆರಿಗೆಗೆ ಬಂದ ಪ್ರತಿ ಸ್ತ್ರೀಯ ಬಗ್ಗೆ ಆರು ಸಂಗತಿಗಳನ್ನು ಕೇಳಬೇಕು: ಇದು ಚೊಚ್ಚಲೇ? ಹಿಂದೆ ಸಿಸೇರಿಯನ್ ಆಗಿದೆಯೇ? ಗರ್ಭದಲ್ಲಿರುವುದು ಒಂದೇ ಶಿಶುವೇ? ತಲೆ ಕೆಳಗಿದೆಯೇ? 37 ವಾರ ತುಂಬಿದೆಯೇ? ನೋವು ತಾನಾಗಿ ಬಂತೇ, ಬರಿಸಲಾಯಿತೇ ಅಥವಾ ನೋವು ಬರುವ ಮೊದಲೇ ಶಸ್ತ್ರಚಿಕಿತ್ಸೆಯಾಯಿತೇ? ಈ ಉತ್ತರಗಳಿಂದ ಎಲ್ಲ ಹೆರಿಗೆಗಳೂ ಹತ್ತು ಗುಂಪುಗಳಲ್ಲಿ ಒಂದಕ್ಕೆ, ಒಂದಕ್ಕೆ ಮಾತ್ರ, ಸೇರುತ್ತವೆ. ಚೊಚ್ಚಲು, ಒಂದೇ ಶಿಶು, ತಲೆ ಕೆಳಗೆ, ದಿನ ತುಂಬಿದೆ, ನೋವು ತಾನಾಗಿ ಬಂದಿದೆ: ಇದು ಮೊದಲನೆಯ ಗುಂಪು. ಹಿಂದೆ ಸಿಸೇರಿಯನ್ ಆಗಿ, ಈಗ ದಿನ ತುಂಬಿ, ತಲೆ ಕೆಳಗಿರುವ ಒಂದೇ ಶಿಶುವನ್ನು ಹೊತ್ತವರು ಐದನೆಯ ಗುಂಪು. ಒಬ್ಬ ಹೆಣ್ಣುಮಗಳಿಗೆ ಚೊಚ್ಚಲಿನಲ್ಲಿ ಅನಗತ್ಯವಾಗಿ ಶಸ್ತ್ರಚಿಕಿತ್ಸೆಯಾದರೆ ಮುಂದಿನ ಬಾರಿ ಅವಳು ಐದನೆಯ ಗುಂಪಿಗೆ ಸೇರುತ್ತಾಳೆ. ಆಗ ಮತ್ತೆ ಶಸ್ತ್ರಚಿಕಿತ್ಸೆಯಾಗುವ ಸಂಭವವೇ ಹೆಚ್ಚು.

ಈ ಪದ್ಧತಿ ಶಸ್ತ್ರಚಿಕಿತ್ಸೆಗೆ ಕಾರಣವೇನು ಎಂದು ಕೇಳುವುದಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಏಕೆಂದರೆ ಕಾರಣವನ್ನು ಸೂಚಿಸುವ ಪದಗಳು ರಬ್ಬರಿನಂತೆ ಹಿಗ್ಗುತ್ತವೆ. ಕೇಂದ್ರ ಸರ್ಕಾರದ ಸೇವೆಯಲ್ಲಿ ಮೊದಲು ವಿಶಾಖಪಟ್ಟಣದಲ್ಲಿ, ಬಳಿಕ ಅಲ್ಲಿಂದ ಸುಮಾರು 350 ಕಿಲೋಮೀಟರ್ ದೂರದ ವಿಜಯವಾಡದಲ್ಲಿ, ನೌಕರರ ವೈದ್ಯಕೀಯ ವೆಚ್ಚ ಮರುಪಾವತಿಯ ಕಡತಗಳು ನನ್ನ ಮೇಜನ್ನು ಹಾದುಹೋಗಿವೆ. ಒಂದೇ ಶಸ್ತ್ರಚಿಕಿತ್ಸೆಯನ್ನು ಒಂದು ಬಿಡುಗಡೆ ಪತ್ರ ‘ತುರ್ತು’ ಎನ್ನುತ್ತದೆ. ಅದೇ ಪತ್ರದಲ್ಲಿ ಎರಡು ದಿನ ಮೊದಲೇ ಕೊಠಡಿ ಕಾದಿರಿಸಿದ ದಾಖಲೆ ಇರುತ್ತದೆ. ಇನ್ನೊಂದು ‘ಶಿಶುವಿಗೆ ತೊಂದರೆ’ ಎನ್ನುತ್ತದೆ. ಏನನ್ನು ಅಳೆದು ಹಾಗೆಂದರು ಎಂಬುದಿಲ್ಲ. ಲೆಕ್ಕಪತ್ರದ ದೃಷ್ಟಿಯಿಂದ ಎಲ್ಲವೂ ಕ್ರಮಬದ್ಧ. ಆದರೆ ಇಂಥ ಸಾವಿರ ಪತ್ರಗಳನ್ನು ಒಟ್ಟುಗೂಡಿಸಿದರೂ ಒಂದು ತಿಳಿವಳಿಕೆ ಹುಟ್ಟಲಾರದು.

ಇನ್ನೂ ಸ್ಪಷ್ಟವಾದ ನಿದರ್ಶನ ಗರ್ಭಜಲದ್ದು. ಇಲ್ಲಿನ ಮನೆಗಳಲ್ಲಿ ‘ಉಮ್ಮನೀರು ತಗ್ಗಿದೆ’ ಎಂಬ ಮಾತು ಹೆರಿಗೆಯ ನಿರ್ಧಾರವನ್ನು ಎಷ್ಟೋ ಸಲ ಒಂದೇ ಗಂಟೆಯಲ್ಲಿ ಬದಲಿಸಿಬಿಡುತ್ತದೆ. ಸ್ಕ್ಯಾನಿಂಗಿನಲ್ಲಿ ಈ ನೀರನ್ನು ಅಳೆಯಲು ಎರಡು ವಿಧಾನಗಳು ಪ್ರಚಲಿತವಾಗಿವೆ. ನಾಲ್ಕು ಭಾಗಗಳ ಆಳವನ್ನು ಕೂಡಿಸಿ, ಮೊತ್ತ 5 ಸೆಂಟಿಮೀಟರಿಗಿಂತ ಹೆಚ್ಚಿಲ್ಲದಿದ್ದರೆ ಕಡಿಮೆ ಎನ್ನುವುದು ಒಂದು. ಅತ್ಯಂತ ಆಳವಾದ ಒಂದೇ ತಾಣವನ್ನು ಅಳೆದು 2 ಸೆಂಟಿಮೀಟರಿಗಿಂತ ಕಡಿಮೆಯಾದರೆ ಮಾತ್ರ ಹಾಗೆನ್ನುವುದು ಇನ್ನೊಂದು. ಎರಡನ್ನೂ ಹೋಲಿಸಿದ ಪ್ರಯೋಗಗಳಲ್ಲಿ, ಮೊದಲ ವಿಧಾನದಿಂದ ಹೆಚ್ಚು ಮಂದಿಗೆ ‘ನೀರು ಕಡಿಮೆ’ ಎಂಬ ಹಣೆಪಟ್ಟಿ ಬಿದ್ದು, ನೋವು ಬರಿಸುವ ಚಿಕಿತ್ಸೆ ಹೆಚ್ಚಾಯಿತೇ ಹೊರತು ಶಿಶುಗಳಿಗೆ ಹೆಚ್ಚಿನ ಒಳಿತು ಕಂಡುಬರಲಿಲ್ಲ. ಅಳತೆಯ ಆಯ್ಕೆಯೇ ಇಲ್ಲಿ ರೋಗಿಯನ್ನು ಸೃಷ್ಟಿಸಿತು!

ದಿನ ತುಂಬುವ ಲೆಕ್ಕವೂ ಹೀಗೆಯೇ. ನಾವು ‘ದಿನ ತುಂಬಿದೆ’ ಎನ್ನುತ್ತೇವೆ. ತೆಲುಗರು ‘ನೆಲಲು ನಿಂಡಾಯಿ’ ಎನ್ನುತ್ತಾರೆ, ಅಲ್ಲಿ ನೆಲ ಎಂದರೆ ತಿಂಗಳು. ವೈದ್ಯರು ಕೊನೆಯ ಮುಟ್ಟಿನಿಂದ ವಾರಗಳನ್ನು ಎಣಿಸುತ್ತಾರೆ, ಮೊದಲ ತ್ರೈಮಾಸಿಕದ ಸ್ಕ್ಯಾನಿಂಗಿನಿಂದ ಅದನ್ನು ತಿದ್ದಿಕೊಳ್ಳುತ್ತಾರೆ. 37 ವಾರವಾದರೆ ತುಂಬಿತು ಎಂಬ ಹಳೆಯ ಎಣಿಕೆಯನ್ನು ಅಮೆರಿಕದ ಪ್ರಸೂತಿ ತಜ್ಞರ ಸಂಸ್ಥೆ 2013ರಲ್ಲಿ ವಿಭಜಿಸಿ, 39 ವಾರ ಮುಟ್ಟಿದ ಮೇಲೆ ಮಾತ್ರ ‘ಪೂರ್ಣ’ ಎನ್ನಬೇಕೆಂದಿತು; ಅದಕ್ಕೆ ಮೊದಲು ಕಾರಣವಿಲ್ಲದೆ ಹೊರತೆಗೆದ ಶಿಶುಗಳಲ್ಲಿ ಉಸಿರಾಟದ ತೊಂದರೆ ಹೆಚ್ಚು. ಈ ಭಾಗದಲ್ಲಿ ಪುರೋಹಿತರಿಂದ ಮುಹೂರ್ತ ಇಡಿಸಿ ಶಸ್ತ್ರಚಿಕಿತ್ಸೆ ಮಾಡಿಸುವ ಪದ್ಧತಿ ಬೇರೂರಿದೆ. ಮುಹೂರ್ತಕ್ಕೆ ಗಳಿಗೆ-ವಿಗಳಿಗೆಯ ಲೆಕ್ಕ ಹಿಡಿಯುವ ಕುಟುಂಬವೇ ಗರ್ಭದ ವಾರದ ಲೆಕ್ಕದಲ್ಲಿ ಉದಾಸೀನವಾಗಿರುವುದು ವಿಪರ್ಯಾಸ.

ಸಾಕ್ಷ್ಯಾಧಾರಿತ ವೈದ್ಯಪದ್ಧತಿ ಎಂಬ ಮಾತು 1990ರ ದಶಕದಿಂದ ಬಳಕೆಗೆ ಬಂದಿತು. ಸಾಕ್ಷ್ಯ ಸಾಕ್ಷ್ಯವಾಗಬೇಕಾದರೆ ಅದನ್ನು ಕೂಡಿಸಲು ಬರಬೇಕು. ಅಕಾಲ ಪ್ರಸವದ ಸೂಚನೆಯಿರುವ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಶಿಶು ಉಳಿಯುವ ಸಂಭವ ಹೆಚ್ಚುತ್ತದೆ ಎಂಬ ಮೊದಲ ಪ್ರಯೋಗ 1972ರಲ್ಲಿ ನ್ಯೂಜಿಲೆಂಡಿನಿಂದ ಪ್ರಕಟವಾಯಿತು. ಅನಂತರದ ಪ್ರಯೋಗಗಳೂ ಶಿಶುವಿನ ಉಸಿರಾಟದ ತೊಂದರೆ ಮತ್ತು ಮರಣ ಎಂಬ ಅವೇ ಫಲಿತಾಂಶಗಳನ್ನು ಅಳೆದಿದ್ದುದರಿಂದ, ಮುಂದೆ ಅವುಗಳನ್ನು ಒಟ್ಟುಗೂಡಿಸಿ ಸಂಶಯಕ್ಕೆ ಎಡೆಯಿಲ್ಲದ ತೀರ್ಮಾನಕ್ಕೆ ಬರುವುದು ಸಾಧ್ಯವಾಯಿತು. 1993ರಲ್ಲಿ ಸ್ಥಾಪನೆಯಾದ ಕಾಕ್ರೇನ್ ಸಂಸ್ಥೆಯ ಲಾಂಛನದಲ್ಲಿ ಇಂದಿಗೂ ಇರುವುದು ಆ ಪ್ರಯೋಗಗಳ ರೇಖಾಚಿತ್ರವೇ.

ನಮ್ಮ ದೇಶಕ್ಕೆ ಏಕರೂಪದ ಅಳತೆ ಅಸಾಧ್ಯವೇನಲ್ಲ. ಗರ್ಭಿಣಿಯಾಗಿರುವಾಗ ಅಥವಾ ಗರ್ಭ ಮುಗಿದ 42 ದಿನಗಳೊಳಗೆ ಅದಕ್ಕೆ ಸಂಬಂಧಿಸಿದ ಕಾರಣದಿಂದ ಸಂಭವಿಸಿದ ಸಾವು ತಾಯಿಮರಣ ಎಂಬ ವ್ಯಾಖ್ಯೆ ಸ್ಥಿರವಾಗಿದೆ. ಅದರ ಬಲದಿಂದಲೇ, 2018–20ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ಭಾರತದಲ್ಲಿ 97, ಆಂಧ್ರದಲ್ಲಿ 45, ಕರ್ನಾಟಕದಲ್ಲಿ 69 ತಾಯಂದಿರು ಸತ್ತರು ಎಂಬುದನ್ನು ಕನ್ನಡಿಗರಾದ ನಾವು ನೋವಿನಿಂದಲೇ ಆದರೂ ಒಪ್ಪಬೇಕಾಗುತ್ತದೆ. ಸ್ಥಿರವಾದ ಅಳತೆಯ ಮುಂದೆ ನೆಪಕ್ಕೆ ಜಾಗವಿಲ್ಲ.

ಪದ ಒಂದೇ ಉಳಿದು ಅದು ಸೂಚಿಸುವ ವಸ್ತು ಬದಲಾಗುವ ಅಪಾಯವೂ ಉಂಟು. 2022ರ ಏಪ್ರಿಲಿನಲ್ಲಿ ಆಂಧ್ರದ 13 ಜಿಲ್ಲೆಗಳು 26 ಆದವು. ಹಳೆಯ ವಿಶಾಖಪಟ್ಟಣ ಜಿಲ್ಲೆಯಿಂದ ಅನಕಾಪಲ್ಲಿಯೂ ಪಾಡೇರಿನ ಬೆಟ್ಟಸೀಮೆಯೂ ಬೇರೆಯಾದವು. ವಿಜಯವಾಡ ಕೃಷ್ಣಾ ಜಿಲ್ಲೆಯನ್ನು ಬಿಟ್ಟು ಎನ್‌ಟಿಆರ್ ಜಿಲ್ಲೆಯ ಕೇಂದ್ರವಾಯಿತು. ಬೆಟ್ಟವನ್ನು ಕಳೆದುಕೊಂಡ ವಿಶಾಖಪಟ್ಟಣದ ಅಂಕಿಗಳು ಒಂದು ರಾತ್ರಿಯಲ್ಲಿ ಬದಲಾದರೆ ಅದಕ್ಕೆ ಯಾವ ವೈದ್ಯನೂ ಕಾರಣನಲ್ಲ. 1956ರ ಏಕೀಕರಣದ ಹಿಂದು-ಮುಂದಿನ ಅಂಕಿಗಳನ್ನು ಹೋಲಿಸಿದವರಿಗೆ ಈ ತೊಡಕು ಹೊಸದಲ್ಲ.

ಇದಕ್ಕೆ ಒಂದು ಆಕ್ಷೇಪವಿದೆ, ಅದು ಹಗುರವಾದುದಲ್ಲ. ಪ್ರತಿಯೊಬ್ಬ ತಾಯಿಯೂ ಬೇರೆ, ಹೆರಿಗೆಕೋಣೆಯ ನಿರ್ಧಾರ ಕ್ಷಣಾರ್ಧದ್ದು, ಅದನ್ನು ಗುಮಾಸ್ತರ ಕೋಷ್ಟಕಕ್ಕೆ ಅಡಗಿಸಲಾಗದು. ಕೋಷ್ಟಕ ಬಂದರೆ ವೈದ್ಯರು ತಾಯಿಯನ್ನು ಬಿಟ್ಟು ಕೋಷ್ಟಕವನ್ನು ನೋಡುತ್ತಾರೆ ಎನ್ನುತ್ತಾರೆ. ಸರ್ಕಾರಿ ಗುರಿಗಳು ಏನು ಮಾಡಬಲ್ಲವು ಎಂಬುದನ್ನು ಒಳಗಿನಿಂದ ಕಂಡ ನಾನು ಈ ಭಯವನ್ನು ಅಲ್ಲಗಳೆಯಲಾರೆ. ಶೇಕಡಾವಾರು ಇಳಿಸಿ ಎಂದು ಸುತ್ತೋಲೆ ಹೊರಟರೆ, ನಿಜವಾಗಿ ಬೇಕಾದವಳಿಗೇ ಶಸ್ತ್ರಚಿಕಿತ್ಸೆ ತಪ್ಪಬಹುದು. ಆದಕಾರಣವೇ ಅಳತೆ ಬೇರೆ, ಗುರಿ ಬೇರೆ ಎಂದು ಇಡಬೇಕು. ಹಿಂದೆ ಒಂದೊಂದು ಸಂತೆಗೆ ಒಂದೊಂದು ಸೇರು ಇತ್ತು. 1956ರ ಶಾಸನ ಕಿಲೋಗ್ರಾಮನ್ನು ತಂದಾಗ ಯಾರು ಎಷ್ಟು ಅಕ್ಕಿ ಕೊಳ್ಳಬೇಕೆಂದು ಅದು ಆಜ್ಞಾಪಿಸಲಿಲ್ಲ. ಕೊಂಡದ್ದು ಎಷ್ಟೆಂದು ಕೊಳ್ಳುವವನಿಗೆ ತಿಳಿಯುವಂತೆ ಮಾಡಿತು.

ಹೊರನಾಡ ಕನ್ನಡಿಗರಿಗೆ ಇದು ದೂರದ ಮಾತಲ್ಲ. ಉಕ್ಕು ಕಾರ್ಖಾನೆ, ನೌಕಾನೆಲೆ, ಬಂದರು, ರೈಲ್ವೆ, ಬ್ಯಾಂಕುಗಳ ಕಾರಣದಿಂದ ಈ ಎರಡು ಊರುಗಳಿಗೆ ಬಂದ ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವ ಸಂಪ್ರದಾಯ ಉಳಿದಿದೆ. ಬೆಂಗಳೂರಿನಲ್ಲಿ ಆರು ತಿಂಗಳು ಒಬ್ಬ ವೈದ್ಯರಿಗೆ ತೋರಿಸಿದವಳು, ಸೀಮಂತ ಮುಗಿಸಿ, ಒಂದು ಕಡತ ಹಿಡಿದು ವಿಶಾಖಪಟ್ಟಣಕ್ಕೆ ಬರುತ್ತಾಳೆ. ಆ ಕಡತದಲ್ಲಿ ಮೊದಲ ಸ್ಕ್ಯಾನಿಂಗಿನ ವರದಿ ಇಲ್ಲದಿದ್ದರೆ ದಿನದ ಲೆಕ್ಕ ತಪ್ಪುತ್ತದೆ. ತಡವಾದ ಸ್ಕ್ಯಾನಿಂಗ್ ಅದನ್ನು ಸರಿಪಡಿಸಲಾರದು. ಮನೆಯವರ ಮಾತೂ ದಾರಿತಪ್ಪಿಸಬಲ್ಲದು: ಕನ್ನಡದಲ್ಲಿ ವಿರೇಚನವೆಂದರೆ ಔಷಧ ಕೊಟ್ಟು ಹೊಟ್ಟೆ ಶುದ್ಧಿ ಮಾಡುವುದು, ತೆಲುಗಿನಲ್ಲಿ ‘ವಿರೇಚನಾಲು’ ಎಂದರೆ ಭೇದಿಯ ಕಾಯಿಲೆ.

ಆದ್ದರಿಂದ ನನ್ನ ಸಲಹೆಗಳು ಮೂರು. ಹೆರಿಗೆ ಮಾಡಿಸುವ ಪ್ರತಿ ಆಸ್ಪತ್ರೆ, ಸರ್ಕಾರಿಯಾಗಲಿ ಖಾಸಗಿಯಾಗಲಿ, ರಾಬ್ಸನ್ ಗುಂಪುಗಳ ಪ್ರಕಾರ ತನ್ನ ಅಂಕಿಗಳನ್ನು ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಬಿಡುಗಡೆ ಪತ್ರದಲ್ಲಿ ಆ ಆರು ಸಂಗತಿಗಳೂ ಅಳತೆಯ ವಿಧಾನವೂ ಕಡ್ಡಾಯವಾಗಿ ಇರಬೇಕು. ಆರೋಗ್ಯ ದಾಖಲೆಗಳಿಗೆ ಕೇಂದ್ರ ಸರ್ಕಾರ 2013ರಲ್ಲಿ ಮಾನದಂಡಗಳನ್ನು ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿದ್ದರಿಂದ ಇದಕ್ಕೆ ಹೊಸ ತಳಹದಿ ಬೇಕಿಲ್ಲ. ಮೂರನೆಯದು ನಮ್ಮ ಕೈಯಲ್ಲೇ ಇದೆ. ಗರ್ಭಿಣಿಯ ಕಡತಕ್ಕೆ ಹಾಕಬಹುದಾದ ಒಂದು ಪುಟವನ್ನು, ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ, ಸಂಘ ಅಚ್ಚು ಹಾಕಿಸಲಿ: ಕೊನೆಯ ಮುಟ್ಟಿನ ದಿನಾಂಕ, ಮೊದಲ ಸ್ಕ್ಯಾನಿಂಗಿನ ದಿನಾಂಕ ಮತ್ತು ವಾರ, ಹಿಂದಿನ ಹೆರಿಗೆಗಳು, ಹಿಂದಿನ ಶಸ್ತ್ರಚಿಕಿತ್ಸೆ, ರಕ್ತದೊತ್ತಡ, ಹಿಮೋಗ್ಲೋಬಿನ್. ಅದನ್ನು ತಿದ್ದಿಕೊಡಲು ನಮ್ಮ ಸದಸ್ಯರಲ್ಲೇ ವೈದ್ಯರಿದ್ದಾರೆ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಡಬೇಕೆಂದು ಅಧ್ಯಕ್ಷರನ್ನು ಈ ಮೂಲಕ ಕೋರುತ್ತೇನೆ.