ಹಿಂದೆ ಉಳಿದವನ ನೀರು

ಹಿಮದಲ್ಲಿ ದಕ್ಷಿಣ ಧ್ರುವಕ್ಕೆ ನಡೆದು, ಹಿಂದಿರುಗುವಾಗ ಸತ್ತ ಸ್ಕಾಟ್‌ನ ಕಥೆ ನಾವೆಲ್ಲ ಕೇಳಿದ್ದೇವೆ. ಅಂಥದೇ ಕಷ್ಟದ ಪಯಣ ನಮ್ಮ ಅಬುಧಾಬಿಯ ಮರಳಲ್ಲೂ ಆಗಿದೆ. 1946ರ ಡಿಸೆಂಬರ್‌ನಲ್ಲಿ ವಿಲ್ಫ್ರೆಡ್ ಥೆಸಿಗರ್ ಬೆದೂಯಿನ್ ಸಂಗಡಿಗರ ಜೊತೆ ಒಂಟೆಗಳಲ್ಲಿ ರುಬ್ ಅಲ್ ಖಾಲಿ ದಾಟಿ ಲಿವಾ ಹತ್ತಿರ ಬಂದಾಗ ಊಟಕ್ಕೇ ಇರಲಿಲ್ಲ. ಕೆಲವರು ಆಹಾರ ತರಲು ಹೋದರು, ಉಳಿದವರು ಮೂರು ದಿನ ಹಸಿದು ಕಾದರು.

ಆ ಬೆದೂಯಿನ್‌ಗಳದ್ದು ಒಂದು ಕಟ್ಟುಪಾಡು: ಬಾವಿ ಸಿಕ್ಕಿದರೂ ಹಿಂದೆ ಉಳಿದವರು ಬರುವ ತನಕ ಯಾರೂ ನೀರು ಕುಡಿಯುತ್ತಿರಲಿಲ್ಲ.

ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ನೆರಳಿಗೆ ಬಂದ ಕೂಡಲೇ ತಲೆ ಎಣಿಸೋಣ. ಒಬ್ಬ ಕಮ್ಮಿ ಇದ್ದರೆ ನಮ್ಮ ಬಾಟಲಿ ಆಮೇಲೆ, ಮೊದಲು ಅವನನ್ನು ಹುಡುಕೋಣ.